ಮುಂದಿನ ಟೆಸ್ಟ್ ಯಾವುದು? ಪುಟ್ಟ ಫಂಕ್ಷನ್ ಒಂದನ್ನು ಕಟ್ಟುತ್ತಾ ಟಿಡಿಡಿ ಅಭ್ಯಾಸ

ಟೆಸ್ಟ್ ಡ್ರಿವನ್ ಡೆವಲಪ್‌ಮೆಂಟ್, ಅಂದರೆ ಟಿಡಿಡಿಯ ನಿಯಮಗಳನ್ನು ಹೇಳಿ ಮುಗಿಸಲು ಒಂದು ನಿಮಿಷ ಸಾಕು. ಮೊದಲು ಫೇಲ್ ಆಗುವ ಒಂದು ಟೆಸ್ಟ್ ಬರೆಯಿರಿ. ಅದು ಪಾಸ್ ಆಗುವಷ್ಟು ಮಾತ್ರ ಕೋಡ್ ಬರೆಯಿರಿ. ಆಮೇಲೆ ಕೋಡನ್ನು ಚೊಕ್ಕ ಮಾಡಿ. ಕೆಂಪು (ಫೇಲ್), ಹಸಿರು (ಪಾಸ್), ರಿಫ್ಯಾಕ್ಟರ್ (ಚೊಕ್ಕ ಮಾಡುವುದು). ಮತ್ತೆ ಮೊದಲಿಂದ ಶುರು.

ಆದರೆ ಎಡಿಟರ್ ತೆರೆದು ಕೂತಾಗ ಏಳುವ ಪ್ರಶ್ನೆಗೆ ಈ ನಿಯಮಗಳಲ್ಲಿ ಉತ್ತರ ಸಿಗುವುದಿಲ್ಲ: ಮುಂದಿನ ಟೆಸ್ಟ್ ಯಾವುದು? ತೀರಾ ದೊಡ್ಡ ಟೆಸ್ಟ್ ಆರಿಸಿದರೆ ಅರ್ಧ ಗಂಟೆ ಕೆಂಪಿನಲ್ಲೇ ಸಿಕ್ಕಿಬೀಳುತ್ತೀರಿ. ತೀರಾ ಚಿಕ್ಕದನ್ನು ಆರಿಸಿದರೆ ಕೋಡ್ ಮುಂದೆ ಸಾಗುವುದೇ ಇಲ್ಲ. ಈ ಆಯ್ಕೆ ಕೈಗೆ ಹತ್ತಬೇಕು. ಟಿಡಿಡಿಯಲ್ಲಿ ಅಭ್ಯಾಸ ಮಾಡಬೇಕಾದ್ದು ಮುಖ್ಯವಾಗಿ ಇದನ್ನೇ ಎಂದು ನಾನು ನಂಬಿದ್ದೇನೆ. ಹಾಗಾಗಿ ಇಲ್ಲಿ ಒಂದು ಪುಟ್ಟ ಫಂಕ್ಷನ್ನನ್ನು ಸೊನ್ನೆಯಿಂದ ಕಟ್ಟೋಣ. ಪ್ರತಿ ಹೆಜ್ಜೆಯಲ್ಲೂ ಈ ಟೆಸ್ಟ್ ಏಕೆ, ಇದೇ ಈಗ ಏಕೆ ಅಂತ ಕೇಳುತ್ತಾ ಹೋಗೋಣ.

ಹೀಗೆ ಚಿಕ್ಕ ಲೆಕ್ಕವೊಂದನ್ನು ಮತ್ತೆ ಮತ್ತೆ ಬರೆದು ಕೈ ಪಳಗಿಸುವುದಕ್ಕೆ ಪ್ರೋಗ್ರಾಮರ್‌ಗಳು ಕೋಡ್ ಕಾಟಾ ಎನ್ನುತ್ತಾರೆ. ಕರಾಟೆಯಿಂದ ಬಂದ ಈ ಹೆಸರನ್ನು ಬಳಕೆಗೆ ತಂದವರು ಡೇವ್ ಥಾಮಸ್. ಟಿಡಿಡಿಗೆ ಇವತ್ತಿನ ರೂಪ ಕೊಟ್ಟವರು ಕೆಂಟ್ ಬೆಕ್. ಅವರು ಮತ್ತು ಎರಿಕ್ ಗಾಮಾ 1997ರಲ್ಲಿ ವಿಮಾನ ಪ್ರಯಾಣವೊಂದರಲ್ಲಿ, ಜಾವಾ ಭಾಷೆಯಲ್ಲಿ ಟೆಸ್ಟ್ ಬರೆದು ಓಡಿಸುವ ಸಲಕರಣೆಯಾದ ಜೆಯೂನಿಟ್‌ನ ಮೊದಲ ರೂಪವನ್ನು ಬರೆದರು. ಅದನ್ನು ಬರೆದದ್ದೂ ಟೆಸ್ಟ್ ಮೊದಲು ಎಂಬ ಕ್ರಮದಲ್ಲೇ.

## ಬೇಕಾದ ಸಿದ್ಧತೆ

ನಿಮಗೆ ಚೆನ್ನಾಗಿ ಗೊತ್ತಿರುವ ಭಾಷೆಯನ್ನೇ ಆರಿಸಿಕೊಳ್ಳಿ. ಹೊಸ ಭಾಷೆ ಮತ್ತು ಹೊಸ ಅಭ್ಯಾಸ ಎರಡನ್ನೂ ಒಟ್ಟಿಗೆ ಹೊರುವುದು ಬೇಡ. ಪೈಥಾನ್ ಆದರೆ ಜೊತೆಗೇ ಬರುವ ಯೂನಿಟ್‌ಟೆಸ್ಟ್ ಸಾಕು, ಪೈಟೆಸ್ಟ್ ಹಾಕಿಕೊಂಡರೂ ಆಯಿತು. ಜಾವಾಗೆ ಜೆಯೂನಿಟ್, ಜಾವಾಸ್ಕ್ರಿಪ್ಟ್‌ಗೆ ಜೆಸ್ಟ್. ಗೋ ಭಾಷೆಯಲ್ಲಿ ಟೆಸ್ಟ್ ಓಡಿಸುವ ಸಲಕರಣೆ ಒಳಗೇ ಇದೆ. ಒಂದೇ ಒಂದು ಕೀ ಒತ್ತಿದರೆ ಎಲ್ಲಾ ಟೆಸ್ಟ್‌ಗಳೂ ಓಡುವ ಹಾಗೆ ಎಡಿಟರ್ ಹೊಂದಿಸಿಕೊಳ್ಳಿ. ಮುಂದಿನ ಒಂದು ಗಂಟೆಯಲ್ಲಿ ಆ ಕೀಯನ್ನು ಎಷ್ಟು ಸಲ ಒತ್ತುತ್ತೀರೋ ಲೆಕ್ಕವಿಲ್ಲ. ಕೋಡಿನ ಬದಲಾವಣೆಗಳನ್ನು ದಾಖಲಿಸಿಡುವ ಗಿಟ್ ಕೂಡ ಶುರು ಮಾಡಿಡಿ, ಪ್ರತಿ ಹಸಿರಿಗೂ ಒಂದು ಕಮಿಟ್ ಮಾಡಲು, ಅಂದರೆ ಆ ಹೊತ್ತಿನ ಕೋಡನ್ನು ಉಳಿಸಿಡಲು.

ಇಲ್ಲಿನ ಕೋಡನ್ನು ಯಾವ ಭಾಷೆಗೂ ಸೇರದ ಸರಳ ರೂಪದಲ್ಲಿ ಬರೆದಿದ್ದೇನೆ. ಭಾಗ ಎಂದರೆ ಭಾಗಾಕಾರದ ಪೂರ್ಣಾಂಕ ಉತ್ತರ, ಶೇಷ ಎಂದರೆ ಉಳಿದದ್ದು. ನಿಮ್ಮ ಭಾಷೆಗೆ ನೀವೇ ಹೊಂದಿಸಿಕೊಳ್ಳಿ.

## ಲೆಕ್ಕ ಇದು

ಸೆಕೆಂಡ್‌ಗಳ ಸಂಖ್ಯೆ ಕೊಟ್ಟರೆ ಓದಲು ಸುಲಭವಾದ ಅವಧಿಯನ್ನು ಕೊಡಬೇಕು. 3661 ಕೊಟ್ಟರೆ "1 ಗಂಟೆ 1 ನಿಮಿಷ 1 ಸೆಕೆಂಡ್" ಬರಬೇಕು. ಸೊನ್ನೆ ಇರುವ ಭಾಗವನ್ನು ಬಿಡಬೇಕು. ಅಂದರೆ 3600ಕ್ಕೆ ಬರೀ "1 ಗಂಟೆ".

ಓದಿದ ತಕ್ಷಣ ಲೂಪ್, ಲಿಸ್ಟ್ ಎಲ್ಲಾ ತಲೆಯಲ್ಲಿ ಬಂದುಬಿಡುತ್ತದೆ, ಅಲ್ವಾ? ಅದನ್ನು ಸ್ವಲ್ಪ ಹೊತ್ತು ಬದಿಗಿಡಿ. ಲೆಕ್ಕ ಸುಲಭ ಇರುವುದು ಇಲ್ಲಿ ಅನುಕೂಲವೇ. ಉತ್ತರ ಹುಡುಕುವುದಕ್ಕೆ ಗಮನ ಹೋಗುವುದಿಲ್ಲ, ಹೆಜ್ಜೆ ಇಡುವ ರೀತಿಗೆ ಹೋಗುತ್ತದೆ.

ಮೊದಲು ಕಾಗದದ ಮೇಲೆ ಒಂದು ಪಟ್ಟಿ ಮಾಡಿ. ಕೋಡ್ ಅಲ್ಲ, ತೋಚಿದ ಉದಾಹರಣೆಗಳು ಮಾತ್ರ:

0 → "0 ಸೆಕೆಂಡ್"
1 → "1 ಸೆಕೆಂಡ್"
59 → "59 ಸೆಕೆಂಡ್"
60 → "1 ನಿಮಿಷ"
61 → "1 ನಿಮಿಷ 1 ಸೆಕೆಂಡ್"
3600 → "1 ಗಂಟೆ"
3601 → "1 ಗಂಟೆ 1 ಸೆಕೆಂಡ್"
86400 → "1 ದಿನ"
-1 → ?

ಈ ಪಟ್ಟಿಯನ್ನು ಕೈಬಿಡಬೇಡಿ. ಕೋಡ್ ಬರೆಯುವಾಗ "ಅಯ್ಯೋ, ಇದೂ ಇದೆಯಲ್ಲ" ಅನ್ನಿಸಿದ್ದನ್ನೆಲ್ಲ ಇಲ್ಲಿ ಸೇರಿಸಿ, ಮತ್ತೆ ಕೈಯಲ್ಲಿರುವ ಟೆಸ್ಟ್‌ಗೆ ಹಿಂತಿರುಗಿ. ಹಾಗೆ ಮಾಡಿದರೆ ತಲೆಯಲ್ಲಿ ಒಂದೇ ವಿಷಯ ಇರುತ್ತದೆ. ಇನ್ನೊಂದು ಮಾತು: ಪಟ್ಟಿಯ ಎಲ್ಲವನ್ನೂ ಒಂದೇ ಸಲ ಟೆಸ್ಟ್ ಮಾಡಿ ಬರೆಯಬೇಡಿ. ಒಟ್ಟಿಗೆ ಒಂಬತ್ತು ಕೆಂಪು ಕಂಡರೆ ಯಾವುದಕ್ಕೆ ಉತ್ತರ ಕೊಡುತ್ತಿದ್ದೇವೆ ಎಂಬುದೇ ಮರೆತುಹೋಗುತ್ತದೆ.

## ಮೊದಲ ಟೆಸ್ಟ್: 0

ಎಲ್ಲಕ್ಕಿಂತ ಸಣ್ಣದರಿಂದ ಶುರು. ಅವಧಿ(0) ಎಂದರೆ "0 ಸೆಕೆಂಡ್" ಬರಬೇಕು ಎಂದು ಟೆಸ್ಟ್ ಬರೆಯಿರಿ. ಫಂಕ್ಷನ್ ಇನ್ನೂ ಇಲ್ಲವೇ ಇಲ್ಲ. ಆದರೂ ಓಡಿಸಿ, ಕೆಂಪನ್ನು ಕಣ್ಣಾರೆ ನೋಡಿ. ಇದನ್ನು ಶಾಸ್ತ್ರಕ್ಕೆ ಮಾಡುವುದಲ್ಲ. ಪೈಟೆಸ್ಟ್‌ನಲ್ಲಿ ಫಂಕ್ಷನ್ ಹೆಸರು ನಿಗದಿತ ಪದದಿಂದ ಶುರುವಾಗದಿದ್ದರೆ ಅದು ಟೆಸ್ಟ್ ಎಂದೇ ಲೆಕ್ಕಕ್ಕೆ ಬರುವುದಿಲ್ಲ. ಜೆಯೂನಿಟ್‌ನಲ್ಲಿ ಅನೋಟೇಶನ್, ಅಂದರೆ ಇದು ಟೆಸ್ಟ್ ಎಂದು ಹೇಳುವ ಗುರುತು, ಹಾಕಲು ಮರೆತರೂ ಅದೇ ಕಥೆ. ಓಡದೇ ಇರುವ ಟೆಸ್ಟ್ ಯಾವತ್ತೂ ದೂರುವುದಿಲ್ಲ. ಅದು ಓಡುತ್ತಿದೆ ಎಂಬುದಕ್ಕೆ ಕೆಂಪು ಒಂದೇ ಸಾಕ್ಷಿ.

ಈಗ ಪಾಸ್ ಮಾಡಿಸಿ:

    ಫಂಕ್ಷನ್ ಅವಧಿ(ಒಟ್ಟು):
        ಹಿಂತಿರುಗಿಸು "0 ಸೆಕೆಂಡ್"

ಹೌದು, ಇಷ್ಟೇ. ಕೆಂಟ್ ಬೆಕ್ ಹಸಿರಿಗೆ ತಲುಪುವ ಮೂರು ದಾರಿ ಹೇಳುತ್ತಾರೆ. ಒಂದು, ಸುಮ್ನೆ ಉತ್ತರವನ್ನೇ ಬರೆದಿಡುವುದು. ಎರಡು, ಇನ್ನೊಂದು ಉದಾಹರಣೆ ತಂದು ಸಾಮಾನ್ಯ ನಿಯಮ ಬರೆಯಲೇಬೇಕಾದ ಸ್ಥಿತಿ ತರುವುದು. ಮೂರು, ದಾರಿ ಸ್ಪಷ್ಟವಾಗಿದ್ದರೆ ನೇರವಾಗಿ ಅದನ್ನೇ ಬರೆಯುವುದು. ಈ ಅಭ್ಯಾಸದಲ್ಲಿ ಮೂರನ್ನೂ ಬಳಸೋಣ. ಈಗ ಬಳಸಿದ್ದು ಮೊದಲನೆಯದು. ಟೆಸ್ಟ್ ಓಡುತ್ತಿದೆ, ಫಂಕ್ಷನ್ ಹೆಸರು ಸರಿ ಇದೆ, ಹೋಲಿಕೆ ಸರಿಯಾಗಿ ನಡೆಯುತ್ತಿದೆ. ಒಂದು ಸಾಲಿಗೆ ಇಷ್ಟು ಖಾತ್ರಿ ಸಿಕ್ಕಿತು.

ಮುಂದೆ 1. ಕೆಂಪು. ಹಿಂತಿರುಗಿಸುವ ಸಾಲನ್ನು ಒಟ್ಟು + " ಸೆಕೆಂಡ್" ಎಂದು ಬದಲಿಸಿ. ಎರಡೂ ಹಸಿರು.

59? ಬರೆದ ತಕ್ಷಣ ಹಸಿರು. ಹೀಗೆ ಮೊದಲ ಓಟದಲ್ಲೇ ಪಾಸಾಗುವ ಟೆಸ್ಟ್ ಕೋಡನ್ನು ಮುಂದೆ ತಳ್ಳುವುದಿಲ್ಲ. ಆದರೆ 59 ಒಂದು ಗಡಿ. ನಾಳೆ ಯಾರಾದರೂ ಅಲ್ಲಿ ಎಡವಿದರೆ ತಿಳಿಯಬೇಕು. ನಾನಾದರೆ ಇಟ್ಟುಕೊಳ್ಳುತ್ತೇನೆ. 17, 23, 42 ಎಲ್ಲಾ ಬೇಡ, ಅವು 59ಕ್ಕಿಂತ ಹೊಸದೇನನ್ನೂ ಹೇಳುವುದಿಲ್ಲ.

## 60, ಮತ್ತು ಹಳೆಯ ಟೆಸ್ಟ್ ಮಾಡುವ ಉಪಕಾರ

ಈಗ 60. ಬಂದ ಉತ್ತರ "60 ಸೆಕೆಂಡ್", ಬೇಕಾದ್ದು "1 ನಿಮಿಷ". ಕೆಂಪು. ಒಟ್ಟು 60 ಆದರೆ "1 ನಿಮಿಷ" ಕೊಡು ಎಂದು ಒಂದು ಷರತ್ತು ಸೇರಿಸಿ. ಹಸಿರು. ಈ ಷರತ್ತು ಬರೀ ತೋರಿಕೆಯದು ಅಂತ ನಿಮಗೂ ಗೊತ್ತು. ಹಾಗಾಗಿ ಎರಡನೇ ದಾರಿ ಹಿಡಿಯೋಣ. 120ಕ್ಕೆ "2 ನಿಮಿಷ" ಎಂಬ ಟೆಸ್ಟ್ ಬರೆಯಿರಿ. ಈಗ ಸಾಮಾನ್ಯ ನಿಯಮ ಬರೆಯದೆ ವಿಧಿ ಇಲ್ಲ:

        ಶೇಷ(ಒಟ್ಟು, 60) = 0 ಆದರೆ:
            ಹಿಂತಿರುಗಿಸು ಭಾಗ(ಒಟ್ಟು, 60) + " ನಿಮಿಷ"
        ಹಿಂತಿರುಗಿಸು ಒಟ್ಟು + " ಸೆಕೆಂಡ್"

ಓಡಿಸಿ ನೋಡಿ. 120 ಹಸಿರು, 60 ಹಸಿರು, ಆದರೆ 0 ಕೆಂಪಾಯಿತು! ಸೊನ್ನೆಯನ್ನು 60ರಿಂದ ಭಾಗಿಸಿದರೂ ಶೇಷ ಸೊನ್ನೆಯೇ. ಹಾಗಾಗಿ "0 ನಿಮಿಷ" ಬಂತು. ಎಲ್ಲಕ್ಕಿಂತ ಮೊದಲು ಬರೆದ ಟೆಸ್ಟ್, ಏನೂ ಕೆಲಸವಿಲ್ಲದ್ದು ಅನ್ನಿಸಿದ್ದ ಟೆಸ್ಟ್, ಇಲ್ಲಿ ಹಿಡಿದುಕೊಟ್ಟಿತು. ತಪ್ಪು ಎಲ್ಲಿದೆ ಎಂದು ಹುಡುಕಬೇಕಾಗಿಯೂ ಇಲ್ಲ. ಹಿಂದಿನ ಹಸಿರಿನಿಂದ ಈಚೆಗೆ ಬದಲಾದದ್ದು ಎರಡೇ ಸಾಲು. ಸಣ್ಣ ಹೆಜ್ಜೆಯ ಬೆಲೆ ಗೊತ್ತಾಗುವುದು ಇಲ್ಲೇ. ಡೀಬಗರ್ ತೆರೆಯುವ ಅಗತ್ಯವೇ ಬರುವುದಿಲ್ಲ.

ಫಂಕ್ಷನ್‌ನ ಮೊದಲಿಗೆ ಒಂದು ಷರತ್ತು ಹಾಕಿ: ಒಟ್ಟು 0 ಆದರೆ "0 ಸೆಕೆಂಡ್" ಹಿಂತಿರುಗಿಸು. ಎಲ್ಲಾ ಹಸಿರು. ಕಮಿಟ್. ಸೊನ್ನೆಗೆ ಬೇರೆಯದೇ ಸಾಲು ಬೇಕೆಂದು ಶುರುವಿನಲ್ಲೇ ಊಹಿಸಿ ಬರೆಯಬಹುದಿತ್ತು. ಈಗ ಅದು ಏಕೆ ಬೇಕೆಂಬುದಕ್ಕೆ ಆಧಾರವೇ ಕೈಯಲ್ಲಿದೆ.

## 61: ಮೊದಲು ಜಾಗ ಮಾಡಿ, ಆಮೇಲೆ ಸೇರಿಸಿ

61ರ ಟೆಸ್ಟ್ ಬರೆದರೆ "61 ಸೆಕೆಂಡ್" ಎಂದು ಕೆಂಪಾಗುತ್ತದೆ. ಇಲ್ಲಿಯವರೆಗಿನ ಕೋಡ್ ಒಂದೇ ತುಣುಕನ್ನು ಕೊಡುತ್ತಿತ್ತು. ಈಗ ಎರಡು ತುಣುಕು ಬೇಕು. ಕೋಡಿನ ಆಕಾರವೇ ಬದಲಾಗಬೇಕು, ಅದೂ ಕೆಂಪಿನಲ್ಲಿರುವಾಗ. ಇದು ಅಪಾಯದ ಜಾಗ. ಆಕಾರ ಬದಲಿಸುವುದು ಮತ್ತು ಹೊಸ ಗುಣ ಸೇರಿಸುವುದು ಎರಡನ್ನೂ ಒಟ್ಟಿಗೆ ಮಾಡಿದರೆ ಯಾವುದು ಕೆಟ್ಟಿತು ಎಂಬುದು ತಿಳಿಯುವುದಿಲ್ಲ.

ಹಾಗಾಗಿ ಒಂದು ಹೆಜ್ಜೆ ಹಿಂದೆ ಬನ್ನಿ. 61ರ ಟೆಸ್ಟನ್ನು ಸ್ವಲ್ಪ ಹೊತ್ತು ಸ್ಕಿಪ್ ಮಾಡಿ. ಮತ್ತೆ ಹಸಿರು. ಈಗ ಹಸಿರಿನಲ್ಲೇ ನಿಂತು ಆಕಾರ ಬದಲಿಸಿ. ಒಂದು ಖಾಲಿ ಲಿಸ್ಟ್ ಮಾಡಿ, ತುಣುಕುಗಳು ಎಂದು ಹೆಸರಿಡಿ. ನೇರವಾಗಿ ಹಿಂತಿರುಗಿಸುವ ಬದಲು ಅದಕ್ಕೆ ಸೇರಿಸಿ. ಕೊನೆಯಲ್ಲಿ ಎಲ್ಲವನ್ನೂ ನಡುವೆ ಜಾಗ ಬಿಟ್ಟು ಜೋಡಿಸಿ ಹಿಂತಿರುಗಿಸಿ. ನಿಮಿಷ ಇಲ್ಲವೇ ಸೆಕೆಂಡ್, ಎರಡರಲ್ಲಿ ಒಂದೇ ಲಿಸ್ಟ್‌ಗೆ ಹೋಗುತ್ತದೆ. ವರ್ತನೆ ಬದಲಾಗಿಲ್ಲ. ಓಡಿಸಿ. ಹಸಿರು.

ಈಗ 61ನ್ನು ಮತ್ತೆ ತನ್ನಿ. "ಇಲ್ಲವೇ" ಎಂಬುದನ್ನು ತೆಗೆದು ಎರಡು ಬೇರೆ ಬೇರೆ ಷರತ್ತು ಮಾಡಿದರೆ ಮುಗಿಯಿತು:

        ಒಟ್ಟು = 0 ಆದರೆ:
            ಹಿಂತಿರುಗಿಸು "0 ಸೆಕೆಂಡ್"
        ತುಣುಕುಗಳು = []
        ಭಾಗ(ಒಟ್ಟು, 60) > 0 ಆದರೆ:
            ತುಣುಕುಗಳಿಗೆ ಸೇರಿಸು ಭಾಗ(ಒಟ್ಟು, 60) + " ನಿಮಿಷ"
        ಶೇಷ(ಒಟ್ಟು, 60) > 0 ಆದರೆ:
            ತುಣುಕುಗಳಿಗೆ ಸೇರಿಸು ಶೇಷ(ಒಟ್ಟು, 60) + " ಸೆಕೆಂಡ್"
        ಹಿಂತಿರುಗಿಸು ತುಣುಕುಗಳನ್ನು ಜಾಗ ಬಿಟ್ಟು ಜೋಡಿಸಿ

ಇಡೀ ಅಭ್ಯಾಸದಲ್ಲಿ ಒಂದೇ ಒಂದು ಹೆಜ್ಜೆಯನ್ನು ನೀವು ನಾಳೆಯ ಕೆಲಸಕ್ಕೆ ಒಯ್ಯುವುದಾದರೆ ಇದನ್ನೇ ಒಯ್ಯಿರಿ. ಟೆಸ್ಟ್ ಕೆಂಪಾಗಿದೆ, ಸರಿಪಡಿಸಲು ಬಹಳ ಸಾಲು ಬದಲಿಸಬೇಕು ಅನ್ನಿಸಿದರೆ ನುಗ್ಗಬೇಡಿ. ಟೆಸ್ಟನ್ನು ಪಕ್ಕಕ್ಕಿಟ್ಟು ಹಸಿರಿಗೆ ಬನ್ನಿ. ಅಲ್ಲಿಂದ ಜಾಗ ಮಾಡಿಕೊಂಡು ಬನ್ನಿ.

## 3600, ಮತ್ತು ಮೂರನೇ ಹಂತ

3600 ಕೊಟ್ಟರೆ "60 ನಿಮಿಷ" ಬರುತ್ತದೆ. ಕೆಂಪು. ಇಲ್ಲಿ ದಾರಿ ಸ್ಪಷ್ಟ, ಉತ್ತರ ಬರೆದಿಡುವ ನಾಟಕ ಬೇಡ. ಗಂಟೆಗೂ ಒಂದು ಷರತ್ತು ಸೇರಿಸಿ, ನಿಮಿಷವನ್ನು 3600ರ ಶೇಷದಿಂದ ಲೆಕ್ಕ ಹಾಕಿ. ಹಸಿರು.

ಈಗ ಕೋಡ್ ನೋಡಿ. ಗಂಟೆ, ನಿಮಿಷ, ಸೆಕೆಂಡ್. ಮೂರು ಷರತ್ತುಗಳು, ಮೂರೂ ಹೆಚ್ಚುಕಡಿಮೆ ಒಂದೇ ಥರ. ಎರಡು ಇದ್ದಾಗ ಇದನ್ನು ಮುಟ್ಟಲಿಲ್ಲ. ಎರಡೇ ಉದಾಹರಣೆಯಿಂದ ಯಾವುದು ಸಮಾನ, ಯಾವುದು ಆಕಸ್ಮಿಕ ಎಂದು ಹೇಳುವುದು ಕಷ್ಟ. ಮೂರು ಬಂದಾಗ ಆಕಾರ ತಾನೇ ಕಾಣುತ್ತದೆ.

ಅವಸರದಲ್ಲಿ ಇಲ್ಲೇ ಎಲ್ಲಾ ಅಳಿಸಿ ಲೂಪ್ ಬರೆಯುವವರು ಜಾಸ್ತಿ. ಹಾಗೆ ಮಾಡಬೇಡಿ. ಮೊದಲು ಮೂರನ್ನೂ ಅಕ್ಷರಶಃ ಒಂದೇ ಥರ ಮಾಡಿ. ಉಳಿದದ್ದು ಎಂಬ ಒಂದು ವೇರಿಯಬಲ್ ತನ್ನಿ, ಶುರುವಿನಲ್ಲಿ ಅದಕ್ಕೆ ಒಟ್ಟು ಕೊಡಿ. ಗಂಟೆಯ ಷರತ್ತಿನ ನಂತರ ಉಳಿದದ್ದನ್ನು 3600ರ ಶೇಷ ಮಾಡಿ. ನಿಮಿಷದ ಲೆಕ್ಕ ಇನ್ನು ಒಟ್ಟಿನ ಬದಲು ಉಳಿದದ್ದರಿಂದಲೇ ನಡೆಯಲಿ. ಓಡಿಸಿ. ನಿಮಿಷದ ನಂತರ ಉಳಿದದ್ದನ್ನು 60ರ ಶೇಷ ಮಾಡಿ, ಸೆಕೆಂಡ್ ಅದರಿಂದ ಬರಲಿ. ಓಡಿಸಿ. ಕೊನೆಗೆ ಸೆಕೆಂಡ್‌ನಲ್ಲೂ 1ರಿಂದ ಭಾಗಿಸಿ. 1ರಿಂದ ಭಾಗಿಸುವುದಕ್ಕೆ ಅರ್ಥವೇ ಇಲ್ಲ ಅನ್ನಿಸಬಹುದು. ಆದರೆ ಆ ಭಾಗಾಕಾರದಿಂದಲೇ ಮೂರನೇ ಷರತ್ತು ಉಳಿದ ಎರಡರ ಹಾಗೆ ಆಗುತ್ತದೆ. ಓಡಿಸಿ. ಈಗ ಮೂರಕ್ಕೂ ವ್ಯತ್ಯಾಸ ಎರಡೇ: ಒಂದು ಸಂಖ್ಯೆ, ಒಂದು ಹೆಸರು. ಆ ಎರಡನ್ನು ಪಟ್ಟಿಗೆ ಎತ್ತಿಟ್ಟರೆ ಲೂಪ್ ತಯಾರು:

        ಅಳತೆಗಳು = [(3600, "ಗಂಟೆ"), (60, "ನಿಮಿಷ"), (1, "ಸೆಕೆಂಡ್")]
        ಉಳಿದದ್ದು = ಒಟ್ಟು
        ಅಳತೆಗಳ ಪ್ರತಿ (ಗಾತ್ರ, ಹೆಸರು)ಗೆ:
            ಎಣಿಕೆ = ಭಾಗ(ಉಳಿದದ್ದು, ಗಾತ್ರ)
            ಎಣಿಕೆ > 0 ಆದರೆ:
                ತುಣುಕುಗಳಿಗೆ ಸೇರಿಸು ಎಣಿಕೆ + " " + ಹೆಸರು
            ಉಳಿದದ್ದು = ಶೇಷ(ಉಳಿದದ್ದು, ಗಾತ್ರ)

ಹಸಿರು. ಕಮಿಟ್. ಮೂರನೇ ಹಂತ, ಅಂದರೆ ರಿಫ್ಯಾಕ್ಟರ್, ಬಹಳ ಜನ ಬಿಟ್ಟುಬಿಡುವ ಭಾಗ. ಹಸಿರು ಕಂಡ ಕೂಡಲೇ ಮುಂದಿನ ಟೆಸ್ಟ್‌ಗೆ ಓಡುತ್ತಾರೆ. ಹಾಗೆ ಮಾಡಿದರೆ ಸಿಗುವುದು ಟೆಸ್ಟ್ ಇರುವ ಗೋಜಲು. ವಿನ್ಯಾಸ ಮೂಡುವುದು ಈ ಹಂತದಲ್ಲೇ.

ಅದಕ್ಕೆ ಪುರಾವೆ ಮುಂದಿನ ಟೆಸ್ಟ್. 86400ಕ್ಕೆ "1 ದಿನ" ಬೇಕು, "24 ಗಂಟೆ" ಬರುತ್ತದೆ. ಪಟ್ಟಿಯ ಮೊದಲಿಗೆ (86400, "ದಿನ") ಸೇರಿಸಿ. ಅಷ್ಟೇ. ಹಸಿರು. ಹಾಗೇ ತಿಂಗಳನ್ನೂ ಸೇರಿಸೋಣ ಅನ್ನಿಸಿದರೆ ತಡೆಯಿರಿ. ತಿಂಗಳಿಗೆ 28ರಿಂದ 31ರವರೆಗೆ ದಿನಗಳಿರಬಹುದು. ಇಷ್ಟು ಸೆಕೆಂಡ್ ಅಂದರೆ ಎಷ್ಟು ತಿಂಗಳು ಎಂಬುದಕ್ಕೆ ಒಂದೇ ಉತ್ತರ ಇಲ್ಲ. ಅದು ಕ್ಯಾಲೆಂಡರ್ ಲೆಕ್ಕ, ಈ ಫಂಕ್ಷನ್ನಿನ ಕೆಲಸ ಅಲ್ಲ.

## ಟೆಸ್ಟ್‌ಗಳನ್ನೇ ಪರೀಕ್ಷಿಸಿ

3601ರ ಟೆಸ್ಟ್ ಬರೆಯಿರಿ. ತಕ್ಷಣ ಹಸಿರಾಗುತ್ತದೆ. ಕೆಂಪು ನೋಡದ ಟೆಸ್ಟನ್ನು ನಂಬುವುದು ಹೇಗೆ? ಕೋಡನ್ನು ಬೇಕಂತಲೇ ಕೆಡಿಸಿ. "ಎಣಿಕೆ > 0" ಎಂಬ ಷರತ್ತನ್ನು ತೆಗೆದು ಓಡಿಸಿ. "0 ದಿನ 1 ಗಂಟೆ 0 ನಿಮಿಷ 1 ಸೆಕೆಂಡ್" ಎಂದು ಕೆಂಪಾಗುತ್ತದೆ. ಷರತ್ತನ್ನು ವಾಪಸ್ ಹಾಕಿ. ಆಮೇಲೆ ಅಳತೆಗಳ ಕ್ರಮವನ್ನು ತಿರುಗಿಸಿ ನೋಡಿ. ಎಷ್ಟು ಟೆಸ್ಟ್ ಕೆಂಪಾದವು? ಕೆಡಿಸಿದರೂ ಎಲ್ಲಾ ಹಸಿರೇ ಇದ್ದರೆ ಅಲ್ಲಿ ಒಂದು ಟೆಸ್ಟ್ ಕಡಿಮೆ ಇದೆ ಎಂದರ್ಥ. ಇದನ್ನೇ ತಾನಾಗಿ ಮಾಡುವ ಸಲಕರಣೆಗಳಿವೆ, ಮ್ಯುಟೇಶನ್ ಟೆಸ್ಟಿಂಗ್ ಅನ್ನುತ್ತಾರೆ. ಇಷ್ಟು ಚಿಕ್ಕ ಕೋಡಿಗೆ ಕೈಯಲ್ಲೇ ಮಾಡಬಹುದು.

## ಪ್ರಶ್ನಾರ್ಥಕ ಚಿಹ್ನೆ ಇದ್ದ ಸಾಲು

ಪಟ್ಟಿಯಲ್ಲಿ -1 ಇನ್ನೂ ಉಳಿದಿದೆ. ಸದ್ಯದ ಕೋಡ್ ಏನು ಕೊಡುತ್ತದೆ ಎಂದು ಊಹಿಸಿ, ಆಮೇಲೆ ಓಡಿಸಿ. ಪೈಥಾನ್‌ನಲ್ಲಿ "23 ಗಂಟೆ 59 ನಿಮಿಷ 59 ಸೆಕೆಂಡ್" ಬರುತ್ತದೆ. ಜಾವಾದಲ್ಲಿ ಖಾಲಿ ಪಠ್ಯ. ಕೋಡ್ ಒಂದೇ, ಉತ್ತರ ಬೇರೆ! ಕಾರಣ ಶೇಷದ ಲೆಕ್ಕ. -1ನ್ನು 86400ರಿಂದ ಭಾಗಿಸಿದರೆ ಪೈಥಾನ್ ಉತ್ತರವನ್ನು ಕೆಳಕ್ಕೆ ಇಳಿಸುತ್ತದೆ: ಭಾಗ -1, ಶೇಷ 86399. ಜಾವಾ ಸೊನ್ನೆಯ ಕಡೆಗೆ ಕತ್ತರಿಸುತ್ತದೆ: ಭಾಗ 0, ಶೇಷ -1.

ಎರಡೂ ಉತ್ತರ ನಮಗೆ ಬೇಡ. ಏನು ಬೇಕು ಎಂಬುದನ್ನು ಕೋಡ್ ಹೇಳಲಾರದು, ನಾವೇ ತೀರ್ಮಾನಿಸಬೇಕು. ಕೆಲಸದಲ್ಲಾದರೆ ಈ ಫಂಕ್ಷನ್ ಕೇಳಿದವರ ಹತ್ತಿರ ಹೋಗಿ ಕೇಳಬೇಕು. ಇಲ್ಲಿ ಎರರ್ ಎಸೆಯೋಣ. ಅವಧಿ ಋಣ ಆಗಿದೆ ಎಂದರೆ ಕರೆದವರ ಕಡೆ ಏನೋ ಎಡವಟ್ಟಾಗಿದೆ. ಅದನ್ನು ಬೇಗ ತಿಳಿಸುವುದು ಒಳ್ಳೆಯದು. ಎರರ್ ಬರಬೇಕು ಎಂಬ ಟೆಸ್ಟ್, ಕೆಂಪು, ಮೊದಲಿಗೆ ಒಂದು ಷರತ್ತು, ಹಸಿರು.

## ಮತ್ತೆ ಮಾಡುವಾಗ

ಈಗ ಎಲ್ಲವನ್ನೂ ಅಳಿಸಿ. ಕಾಟಾದಲ್ಲಿ ಉಳಿಸಿಕೊಳ್ಳಬೇಕಾದ್ದು ಕೋಡ್ ಅಲ್ಲ. ಇನ್ನೊಂದು ದಿನ ಬೇರೆ ಕ್ರಮದಲ್ಲಿ ಮಾಡಿ. ಮೊದಲ ಟೆಸ್ಟ್ ಆಗಿ 3661ನ್ನೇ ಹಿಡಿಯಿರಿ. ಹಸಿರಿಗೆ ಮೊದಲು ಎಷ್ಟು ಸಾಲು ಬರೆಯಬೇಕಾಯಿತು, ಎಷ್ಟು ಹೊತ್ತು ಕೆಂಪಿನಲ್ಲಿದ್ದಿರಿ, ಗಮನಿಸಿ. ಕ್ರಮ ಬದಲಾದರೆ ಕಷ್ಟ ಎಷ್ಟು ಬದಲಾಗುತ್ತದೆ ಎಂಬುದು ಹೇಳಿದರೆ ತಿಳಿಯುವುದಲ್ಲ, ಬರೆದೇ ನೋಡಬೇಕು.

ಗೆಳೆಯರೊಬ್ಬರು ಸಿಕ್ಕರೆ ಇನ್ನೂ ಚೆನ್ನ. ಒಬ್ಬರು ಟೆಸ್ಟ್ ಬರೆಯಲಿ, ಇನ್ನೊಬ್ಬರು ಪಾಸ್ ಮಾಡಿಸಿ ಮುಂದಿನ ಟೆಸ್ಟ್ ಬರೆದು ಕೀಬೋರ್ಡ್ ವಾಪಸ್ ಕೊಡಲಿ. ಇದಕ್ಕೆ ಪಿಂಗ್ ಪಾಂಗ್ ಎನ್ನುತ್ತಾರೆ. ಎದುರಿಗಿರುವವರು ಆರಿಸುವ ಟೆಸ್ಟ್ ನಿಮ್ಮ ಯೋಚನೆಗಿಂತ ಬೇರೆ ಇದ್ದಾಗಲೇ ಕಲಿಕೆ ಜಾಸ್ತಿ.

ಹೆಜ್ಜೆ ದೊಡ್ಡದಾಗುವ ಅಭ್ಯಾಸ ಬಿಡದಿದ್ದರೆ ಕೆಂಟ್ ಬೆಕ್ 2018ರಲ್ಲಿ ಮುಂದಿಟ್ಟ ಕಟ್ಟುನಿಟ್ಟಿನ ಆಟ ಆಡಿ. ಟೆಸ್ಟ್ ಓಡಿಸಿದಾಗ ಹಸಿರಾದರೆ ತಾನಾಗಿ ಕಮಿಟ್. ಕೆಂಪಾದರೆ ಹಿಂದಿನ ಕಮಿಟ್‌ನಿಂದ ಈಚೆಗೆ ಬರೆದದ್ದೆಲ್ಲ ತಾನಾಗಿ ಅಳಿಸಿಹೋಗುತ್ತದೆ. ಇಲ್ಲಿ ಕೆಂಪನ್ನು ನೋಡಿ ಮುಂದುವರಿಯುವ ಅವಕಾಶ ಇಲ್ಲ. ಹಾಗಾಗಿ ಇದು ಮಾಮೂಲು ಟಿಡಿಡಿ ಅಲ್ಲ, ಬೇರೆಯದೇ ಕಸರತ್ತು. ಆದರೆ ಬರೆದದ್ದು ಕೆಲವು ಸಲ ಮಾಯವಾದರೆ ಸಾಕು, ಒಂದೆರಡು ಸಾಲಿಗೇ ಕೀ ಒತ್ತಲು ಕೈ ತಾನಾಗಿ ಕಲಿಯುತ್ತದೆ.

ಅಳಿಸುವ ಮೊದಲು ಇನ್ನೊಂದು ಬದಲಾವಣೆ ಮಾಡಿ ನೋಡಬಹುದು. ಕೊನೆಯ ತುಣುಕಿನ ಹಿಂದೆ "ಮತ್ತು" ಬರಬೇಕು ಎಂದು ಯಾರೋ ಕೇಳಿದರು ಅಂದುಕೊಳ್ಳಿ. 3661 ಕೊಟ್ಟರೆ "1 ಗಂಟೆ 1 ನಿಮಿಷ ಮತ್ತು 1 ಸೆಕೆಂಡ್". ಇಲ್ಲಿ ಹಳೆಯ ಟೆಸ್ಟ್‌ಗಳಲ್ಲೇ ಕೆಲವು ಇನ್ನು ಮೇಲೆ ತಪ್ಪು. ಕೋಡ್ ಮುಟ್ಟುವ ಮೊದಲು ಯಾವ ಟೆಸ್ಟ್‌ಗಳ ಉತ್ತರ ಬದಲಾಗುತ್ತದೆ ಎಂದು ಗುರುತು ಮಾಡಿ. 61 ಬದಲಾಗುತ್ತದೆ, 3601 ಕೂಡ. 60, 120, 3600 ಬದಲಾಗುವುದಿಲ್ಲ. ಮೊದಲು 61 ಒಂದನ್ನೇ ತಿದ್ದಿ ಕೆಂಪು ಮಾಡಿ, 3601ನ್ನು ಸ್ಕಿಪ್‌ನಲ್ಲಿಡಿ. ಬದಲಾಗಬೇಕಾದ್ದು ಕೊನೆಯ ಜೋಡಿಸುವ ಸಾಲು ಮಾತ್ರ. 61 ಹಸಿರಾದ ಮೇಲೆ 3601ರ ಉತ್ತರ ತಿದ್ದಿ ವಾಪಸ್ ತನ್ನಿ. ಆಮೇಲೆ ಮೂರು ತುಣುಕಿನ 3661ಕ್ಕೆ ಹೊಸ ಟೆಸ್ಟ್ ಬರೆದು, "ಮತ್ತು" ಒಂದೇ ಸಲ, ಕೊನೆಯ ತುಣುಕಿನ ಹಿಂದೆ ಮಾತ್ರ ಬಂತೇ ಎಂದು ನೋಡಿ.